ತಾನಾಗಿ ಇಳಿಯುವ ಶಬ್ದ

ಜೂನ್ 3, ಮಂಗಳವಾರ

ಬೆಳಿಗ್ಗೆ ಸ್ಪೀಕರ್ ತಂದೆ. ಸಂಜೆಯ ಹೊತ್ತಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಖಾತ್ರಿಯಾಯಿತು.

ನನ್ನ ಹೆಂಡತಿಯ ಬೇಡಿಕೆ ದೊಡ್ಡದೇನಲ್ಲ. ಮಲಗಿದಲ್ಲಿಗೆ ಹಾಡು ಕೇಳಬೇಕು, ಅಷ್ಟೇ. ಸೊಂಟದ ಕೀಲು ಮುರಿದು ಆಪರೇಷನ್ ಆಗಿ ಮನೆಗೆ ಬಂದಾಗಿನಿಂದ ಅವಳ ಮಂಚ ಕೆಳಗಿನ ಹಾಲ್‌ನಲ್ಲಿದೆ, ಮೆಟ್ಟಿಲು ಹತ್ತುವ ಹಾಗಿಲ್ಲವಲ್ಲ. ಈ ಹಾಲ್‌ನಲ್ಲಿ ಕಳೆದ ವರ್ಷದವರೆಗೂ ಒಬ್ಬರು ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದರು. ನಲವತ್ತು ಅಡಿ ಉದ್ದ, ಎತ್ತರದ ಚಾವಣಿ, ಒಂದು ಪಕ್ಕದ ಗೋಡೆಯ ತುಂಬ ಕನ್ನಡಿ. ಇಷ್ಟು ದೊಡ್ಡ ಬಯಲಿನ ಒಂದು ತುದಿಯಲ್ಲಿ ಒಂದು ಮಂಚ, ಅದರ ಮೇಲೆ ಇವಳು. ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಬಾವಿಯ ತಳದಲ್ಲಿ ಯಾರೋ ಗೊಣಗಿದ ಹಾಗಿರುತ್ತದೆ.

ದೂರದ ಊರಿನಲ್ಲಿರುವ ಮಗಳು, ಪವರ್ಡ್ ಸ್ಪೀಕರ್ ತಗೋ ಅಪ್ಪ, ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇರುತ್ತೆ, ಪ್ಲಗ್ ಹಾಕಿದರೆ ಮುಗಿಯಿತು ಎಂದಳು. ಮುಗಿಯಲಿಲ್ಲ. ಪುಸ್ತಕದ ಕಪಾಟಿನಲ್ಲಿ ಇಡುವಷ್ಟು ಪುಟ್ಟ ಜೋಡಿ. ಅಂಗಡಿಯಲ್ಲಿ ಗಂಟಲು ಹರಿದುಕೊಂಡು ಹಾಡಿದ್ದು ಇಲ್ಲಿಗೆ ಬಂದು ಪಿಸುಗುಟ್ಟಿತು. ಪೂರ್ತಿ ಶಬ್ದ ಕೊಟ್ಟು ಮಂಚದ ಹತ್ತಿರ ಬಂದು ಹೇಗಿದೆ ಎಂದು ಕೇಳಿದೆ.

"ಹಾಡು ಹಿಂದಿನ ಸ್ಟಾಪಲ್ಲೇ ಇಳ್ಕೊಂಡ್ಬಿಡ್ತು ಸಾಹೇಬ್ರೇ. ಇಲ್ಲಿವರೆಗೆ ಬರ್ಲಿಲ್ಲ," ಎಂದಳು.

ಅವಳು ಬಸ್ ಕಂಡಕ್ಟರ್ ಆಗಿದ್ದವಳು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಜೀವಮಾನವಿಡೀ ಅಂಗಡಿಯವರ ತಕ್ಕಡಿ ಹಿಡಿದು ನೋಡಿದ ನಾನು, 'ರೂಮು ತುಂಬುತ್ತೆ ಸರ್' ಎಂಬ ಮಾತನ್ನು ತೂಗಿ ನೋಡದೆ ಮನೆಗೆ ಹೊತ್ತು ತಂದೆ. ನನ್ನ ಮೇಲೆ ನನಗೇ ಸಿಟ್ಟು.

ಜೂನ್ 4, ಬುಧವಾರ

ಆಸ್ಪತ್ರೆಗೆ ಹೋಗಿಬಂದೆವು. ಹೊಸ ಕೀಲು ಸರಿಯಾಗಿ ಕೂತಿದೆ, ನಡೆಯಲು ಏನೂ ಅಡ್ಡಿಯಿಲ್ಲ ಎಂದರು ಡಾಕ್ಟರು. ಅಡ್ಡಿಯಿರುವುದು ಇವಳ ಮನಸ್ಸಿಗೆ. ಆ ಕಾಲನ್ನು ಊರಲೇ ಒಲ್ಲಳು. ಜುಲೈ ಮೂರಕ್ಕೆ ಮತ್ತೆ ತಪಾಸಣೆ. ಅಷ್ಟರೊಳಗೆ ವಾಕರ್ ಹಿಡಿದು ತಾನಾಗಿ ನಡೆಯದಿದ್ದರೆ ತೊಡೆಯ ಶಕ್ತಿ ಹೋಗಿಬಿಡುತ್ತದೆ, ಆಮೇಲೆ ಗಾಲಿಕುರ್ಚಿಯೇ ಗತಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಹೇಳಿದ ರೀತಿಗೆ ಅವಳಿಗೂ ಕೇಳಿಸಿರಬೇಕು.

ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ ನಿಂತು ಟಿಕೆಟ್ ಹರಿದವಳು. ಬ್ರೇಕ್ ಹಾಕಿದರೆ ಪ್ರಯಾಣಿಕರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಇವಳು ಅಲ್ಲಾಡುತ್ತಿರಲಿಲ್ಲ. ಬಿದ್ದದ್ದು ನಮ್ಮದೇ ಬಚ್ಚಲಮನೆಯ ಹೊಸ್ತಿಲಲ್ಲಿ.

ಮಧ್ಯಾಹ್ನ ಎಬ್ಬಿಸಿ ವಾಕರ್ ಕೊಟ್ಟೆ. ನಾನು ಪಕ್ಕದಲ್ಲೇ ತೋಳು ಹಿಡಿದು ನಿಂತಿದ್ದೆ. ಒಂದು ಹೆಜ್ಜೆ ಇಟ್ಟಳು. 'ಹುಷಾರು' ಎಂದೆ. ಮೊಣಕಾಲು ಮಡಚಿತು, ಇಬ್ಬರೂ ಮಂಚದ ಮೇಲೆ ಕುಸಿದೆವು. ನೋವೇನೂ ಆಗಲಿಲ್ಲ. ನಾನು ಬೀದಿಗೆ ಕೇಳುವ ಹಾಗೆ ಕಿರುಚಿದೆ ಎಂದು ಅವಳು ಹೇಳುತ್ತಾಳೆ. ಕಿರುಚಿದ್ದು ನನಗೆ ನೆನಪಿಲ್ಲ.

ಆಮೇಲೆ ನನಗೆ ಕೂರಲು ಆಗಲಿಲ್ಲ. ಪುಟ್ಟ ಸ್ಪೀಕರ್‌ಗಳನ್ನು ಸ್ಟೂಲಿನಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಸಾಗಿಸುತ್ತಾ ಸಂಜೆ ಮಾಡಿದೆ.

ಜೂನ್ 6, ಶುಕ್ರವಾರ

ಪುಟ್ಟ ಜೋಡಿಯನ್ನು ವಾಪಸ್ ಕೊಟ್ಟೆ. ಅಂಗಡಿಯವನು ಮುಖ ಗಂಟು ಹಾಕಿಕೊಳ್ಳಲಿಲ್ಲ. ಹಾಲ್ ಎಷ್ಟು ದೊಡ್ಡದು, ನೆಲ ಎಂಥದು, ಪರದೆ ಇದೆಯೇ ಎಂದೆಲ್ಲ ವಿಚಾರಿಸಿದ. ಇದನ್ನು ಮೊದಲೇ ಕೇಳಬಾರದಿತ್ತೇ ಎಂದೆ. ಮೊದಲೇ ಹೇಳಬಾರದಿತ್ತೇ ಸರ್ ಎಂದ. ಪುಟ್ಟ ಪೆಟ್ಟಿಗೆ ತಳ್ಳುವ ಗಾಳಿ ಅಷ್ಟು ದೂರಕ್ಕೆ ಸಾಲದಂತೆ. ಬರಿಗೋಡೆ, ಕನ್ನಡಿ ಎಲ್ಲ ಶಬ್ದವನ್ನು ಚೆಂಡಿನ ಹಾಗೆ ಹಿಂದಕ್ಕೆ ಎಸೆಯುತ್ತವಂತೆ. ತಗ್ಗು ಸ್ವರಕ್ಕೆಂದೇ ಎಂಟು ಇಂಚಿನ ಊಫರ್ ಇರುವ ದೊಡ್ಡ ಜೋಡಿ ಕೊಟ್ಟ. ಮನೆಯಲ್ಲಿ ಹಾಕಿ ಕೇಳಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದ.

ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ದಿನಾ ಬೆಳಿಗ್ಗೆ ಬರುತ್ತಾಳೆ. ನಾನು ವ್ಯಾಯಾಮದ ಮೇಡಂ ಎನ್ನುತ್ತೇನೆ. ನಡೆಸಿದಿರಾ ಎಂದು ಕೇಳಿದೆ. ಇನ್ನೂ ಧೈರ್ಯ ಬಂದಿಲ್ಲ, ಒತ್ತಾಯ ಬೇಡ ಎಂದಳು. ಕ್ಯಾಲೆಂಡರಿಗೆ ಯಾರು ಹೇಳುವುದು ಒತ್ತಾಯ ಬೇಡ ಎಂದು?

ಜೂನ್ 9, ಸೋಮವಾರ

ದೊಡ್ಡ ಜೋಡಿ ಮೂಲೆಯಲ್ಲಿಟ್ಟರೆ ಗುಂಯ್ ಎನ್ನುತ್ತದೆ. ಹಾಡುವವನ ಬಾಯಿಗೆ ಯಾರೋ ದಿಂಬು ಒತ್ತಿದ್ದಾರೆ. ತಬಲಾ ಮಾತ್ರ ಹಾಲ್ ತುಂಬ ಓಡಾಡುತ್ತದೆ.

"ಹೊಟ್ಟೆ ಒಳಗೆ ಬಸ್ ಇಂಜಿನ್ ಆನ್ ಮಾಡಿಟ್ಟು ಡ್ರೈವರ್ ಟೀ ಕುಡಿಯಕ್ಕೆ ಹೋದ ಹಾಗಿದೆ," ಎಂದಳು.

ಗೋಡೆಯಿಂದ ಮುಂದಕ್ಕೆ ಎಳೆದೆ. ಮೇಲಿನ ಮನೆಯ ಪರದೆಗಳನ್ನು ಬಿಚ್ಚಿ ತಂದು ಕನ್ನಡಿಯ ಮೇಲೆ ಅರ್ಧದವರೆಗೆ ಇಳಿಬಿಟ್ಟೆ. ಹಳೆಯ ಹಾಸಿಗೆಯನ್ನು ಗೋಡೆಗೆ ಒರಗಿಸಿದೆ. ಕೈ ತಟ್ಟಿ ಪ್ರತಿಧ್ವನಿ ನೋಡಿದೆ, ಮತ್ತೆ ಸರಿಸಿದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದವನನ್ನು ಅವಳು ಬಹಳ ಹೊತ್ತು ನೋಡಿದಳು.

"ಒಂದ್ಕಡೆ ಕೂತ್ಕೊಳ್ರೀ. ನನ್ನ ಪಾಲಿನ ನಡಿಗೇನೂ ನೀವೇ ನಡೆದು ಮುಗಿಸ್ತಿದ್ದೀರಿ."

ಕೂತರೆ ತಲೆಯೊಳಗೆ ಡಾಕ್ಟರ ಮಾತು ಶುರುವಾಗುತ್ತದೆ. ಅದಕ್ಕೇ ಕೂರುವುದಿಲ್ಲ. ಇದನ್ನು ಅವಳಿಗೆ ಹೇಳಲು ಆಗುತ್ತದೆಯೇ?

ಜೂನ್ 10, ಮಂಗಳವಾರ

ಒಂದಡಿ ಮುಂದೆ. ಅರ್ಧ ಅಡಿ ಹಿಂದೆ. ಗುಂಯ್.

ಜೂನ್ 12, ಗುರುವಾರ

ಸಿಕ್ಕಿತು.

ಅಂಗಡಿಯವನು ಮೂರನೆಯ ಜೋಡಿ ಕೊಟ್ಟ. ರೆಕಾರ್ಡಿಂಗ್ ಮಾಡುವವರು ಬಳಸುವ ಮಾದರಿ, ಕಪ್ಪು ಪೆಟ್ಟಿಗೆ, ನೋಡಲು ಏನೇನೂ ಚೆಂದವಿಲ್ಲ. ಹಾಲ್‌ನ ಆ ತುದಿಯಲ್ಲಿ ನೃತ್ಯದವರು ಬಿಟ್ಟುಹೋದ ಎರಡು ಎತ್ತರದ ಸ್ಟ್ಯಾಂಡ್ ಇದ್ದವು, ಅವುಗಳ ಮೇಲೆ ಕೂರಿಸಿದೆ. ಮಂಚದ ಹತ್ತಿರಕ್ಕೆ ತನ್ನಿ ಎಂದಿದ್ದ ಅಂಗಡಿಯವನು. ಆದರೆ ಪ್ಲಗ್ ಇರುವುದು ಆ ಗೋಡೆಯಲ್ಲಿ. ನೆಲದ ಮೇಲೆ ವೈರು ಎಳೆದರೆ ನಾಳೆ ಇವಳು ನಡೆಯುವಾಗ ಕಾಲಿಗೆ ತೊಡರುವುದಿಲ್ಲವೇ? ನಾಳೆ ನಡೆಯುವಾಗ. ಬರೆಯುವುದು ಸುಲಭ.

ನಮ್ಮ ಹಳೆಯ ಸಿ.ಡಿ. ಪ್ಲೇಯರಿಗೆ ಜೋಡಿಸಿದೆ. ಅದರಲ್ಲಿ ಶಬ್ದ ಏರಿಸಿ ಇಳಿಸುವ ಗುಂಡಿ ಇಲ್ಲ, ಎಲ್ಲ ಬಲಗಡೆಯ ಪೆಟ್ಟಿಗೆಯ ಬೆನ್ನಿಗಿರುವ ಒಂದೇ ತಿರುಗುಗುಂಡಿಯಲ್ಲಿ. ಹಾಡು ಶುರುವಾಯಿತು. ಹಾಡುವಾಕೆ ಉಸಿರು ಎಳೆದುಕೊಳ್ಳುವುದು ಕೂಡ ಇಷ್ಟು ದೂರಕ್ಕೆ ಕೇಳಿಸಿತು. ಇವಳ ಕಣ್ಣಂಚಿನಲ್ಲಿ ನೀರು ನಿಂತಿತ್ತು. ನಾನು ಎಡಗಡೆಯ ಪೆಟ್ಟಿಗೆ ಸ್ವಲ್ಪ ಓರೆಯಾಗಿದೆ ಎಂದು ಎದ್ದುಹೋದೆ.

ಜೂನ್ 13, ಶುಕ್ರವಾರ

ಸಂಗೀತ ಬಂತು, ಇನ್ನು ಉತ್ಸಾಹವೂ ಬಂದಿರಬೇಕು ಎಂದುಕೊಂಡು ವಾಕರ್ ಎತ್ತಿ ತಂದೆ. ಮೈಮೇಲೆ ಹೊದಿಕೆ ಎಳೆದುಕೊಂಡಳು. ನಾನು ಬಿಡಲಿಲ್ಲ. ಇನ್ನೆಷ್ಟು ದಿನ ಹೀಗೆ, ಗಾಲಿಕುರ್ಚಿಯಲ್ಲಿ ಕೂರುವ ಆಸೆಯೇ ಎಂದೆಲ್ಲ ಅಂದುಬಿಟ್ಟೆ. ಅವಳು ಜಗಳ ಮಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು, ಏಕೆಂದರೆ ಜಗಳದಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ.

"ನೀವು ಹಿಡ್ಕೊಂಡಾಗ ನಿಮ್ಮ ಕೈ ನಡುಗುತ್ತೆ," ಎಂದಳು. "ಅದು ಸೀದಾ ನನ್ನ ಕಾಲಿಗೆ ಬರುತ್ತೆ. ನಾನೇನು ಮಾಡ್ಲಿ ಹೇಳಿ."

ನನ್ನ ಕೈ ನಡುಗುವುದಿಲ್ಲ. ಮಿಲಿಗ್ರಾಂ ತೂಕದ ಬೊಟ್ಟುಗಳನ್ನು ಚಿಮಟದಲ್ಲಿ ಎತ್ತಿಟ್ಟ ಕೈ ಇದು.

ಮೇಲೆ ಬಂದು ಕೈ ಚಾಚಿ ನೋಡಿಕೊಂಡೆ. ಇಲ್ಲ, ನಡುಗುವುದಿಲ್ಲ. ಅವಳ ತೋಳು ಹಿಡಿದಾಗ ಏನಾಗುತ್ತದೋ ನನಗೆ ಗೊತ್ತಿಲ್ಲ.

ಜೂನ್ 16, ಸೋಮವಾರ

ವಿಚಿತ್ರ. ಬೆಳಿಗ್ಗೆ ಹಾಡು ಹಾಕಿ, ಮುಗಿದರೆ ಮತ್ತೆ ಶುರುವಾಗುವ ಹಾಗೆ ಮಾಡಿ ಔಷಧಿ ತರಲು ಹೋಗಿದ್ದೆ. ವಾಪಸ್ ಬಂದಾಗ ಶಬ್ದ ಇಳಿದಿತ್ತು. ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ನನಗೇನ್ ಗೊತ್ತು, ನಿದ್ದೆ ಹತ್ತಿತ್ತು ಎಂದಳು. ವ್ಯಾಯಾಮದ ಮೇಡಂ ಹೋದ ಮೇಲೆ ನಾನು ಹೊರಟದ್ದು, ಅವಳಲ್ಲ.

ಯಂತ್ರ ನಿಧಾನವಾಗಿ ಜಾರುತ್ತಿದೆ. ಹಳೆಯ ತಕ್ಕಡಿಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಜೂನ್ 18, ಬುಧವಾರ

ಗುಂಡಿಯ ಮೇಲೂ ಪೆಟ್ಟಿಗೆಯ ಮೇಲೂ ನೇರಕ್ಕೆ ಒಂದು ಪೆನ್ಸಿಲ್ ಗೆರೆ ಎಳೆದು ಹೋಗಿದ್ದೆ. ಬಂದು ನೋಡಿದರೆ ಗೆರೆ ಗೆರೆಗೆ ಸೇರುತ್ತಿಲ್ಲ. ಅಂಗಡಿಗೆ ಹೋಗಿ ಹೇಳಿದೆ. ಗುಂಡಿ ತಾನಾಗಿ ತಿರುಗುವುದಿಲ್ಲ ಸರ್ ಎಂದ. ನಮ್ಮ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ನನ್ನ ಕಾಲದಲ್ಲೂ ಎಲ್ಲ ಅಂಗಡಿಯವರು ಹೇಳುತ್ತಿದ್ದರು ಎಂದೆ. ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಇವಳಿಗೆ ಈಚೆಗೆ ನನ್ನನ್ನು ಓಡಿಸುವುದೇ ಕೆಲಸ. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಸೂಜಿ, ಸಂಜೆ ಅಂಚೆ ಕಚೇರಿಯಲ್ಲಿ ಏನೋ ವಿಚಾರಿಸಿ ಬನ್ನಿ ಎನ್ನುತ್ತಾಳೆ. ಹಾಸಿಗೆ ಹಿಡಿದವಳಿಗೆ ಸೂಜಿ ಏಕೆ? ಆದರೆ ಊಟ ಚೆನ್ನಾಗಿ ಮಾಡುತ್ತಿದ್ದಾಳೆ. ಅದೊಂದು ಸಮಾಧಾನ.

ಜೂನ್ 20, ಶುಕ್ರವಾರ

ಕಾಗದದ ಪಟ್ಟಿ ಅಂಟಿಸಿ, ಮೇಲೆ ಸಹಿ ಹಾಕಿ, ಗುಂಡಿಗೆ ಸೀಲ್ ಮಾಡಿದೆ. ಹೊರಗೆ ಹೋಗಿ ಬರುವಷ್ಟರಲ್ಲಿ ಹರಿದಿತ್ತು. ಈಗ ಅಂಗಡಿಯವನು ಏನು ಹೇಳುತ್ತಾನೋ ನೋಡೋಣ ಎಂದು ಹರಿದ ಚೂರನ್ನು ಜೇಬಿಗೆ ಹಾಕಿಕೊಂಡೆ.

ಇಲಿ ಇರಬೇಕು ಎಂದಳು ಇವಳು. ಹಾಗಾದರೆ ಬೋನು ಇಡುತ್ತೇನೆ ಎಂದೆ. ಬೋನು ಗೀನು ಬೇಡ, ಅದರ ಪಾಡಿಗೆ ಅದು ಓಡಾಡಿಕೊಂಡಿರಲಿ ಎಂದು ಗಡಿಬಿಡಿಯಿಂದ ಹೇಳಿದಳು. ವ್ಯಾಯಾಮದ ಮೇಡಂ ಅಲ್ಲೇ ಇದ್ದವಳು ಕೆಮ್ಮಿದಳು.

ನೆಲದ ಮೇಲೆ ಕಪ್ಪು ಗೀರುಗಳಾಗಿವೆ. ಸ್ಪೀಕರ್ ಎಳೆದಾಡಿದ್ದರಿಂದ ಇರಬೇಕು. ಒರೆಸಿದೆ. ತಪಾಸಣೆ ಹತ್ತಿರ ಬರುತ್ತಿದೆ, ಇವಳು ಮಂಚ ಬಿಟ್ಟು ಇಳಿದಿಲ್ಲ, ನಾನು ಇಲಿಯ ಹಿಂದೆ ಬಿದ್ದಿದ್ದೇನೆ.

ಜೂನ್ 24, ಮಂಗಳವಾರ

ಏನು ಬರೆಯಲಿ.

ಅಂಗಡಿಯವನು ಫೋನ್ ಮಾಡಿದ್ದ. ಇದೇ ಮಾದರಿಯಲ್ಲಿ ರಿಮೋಟ್ ಇರುವ ಹೊಸ ಜೋಡಿ ಬರುತ್ತದೆ, ನಿಮಗಾಗಿ ತೆಗೆದಿಟ್ಟಿರುತ್ತೇನೆ, ಮಂಚದಿಂದಲೇ ಶಬ್ದ ಇಳಿಸಬಹುದು, ಗುಂಡಿಯ ಗೊಡವೆಯೇ ಬೇಡ ಎಂದ. ಮಾತಾಡಿಕೊಂಡು ಬರೋಣ ಎಂದು ಹೊರಟೆ. ರಸ್ತೆಯ ತಿರುವಿಗೆ ಹೋದ ಮೇಲೆ ಕನ್ನಡಕ ಮರೆತದ್ದು ನೆನಪಾಗಿ ಹಿಂದಿರುಗಿದೆ. ಹಾಲ್‌ನ ಬಾಗಿಲು ಅರೆ ತೆರೆದಿತ್ತು. ಹಾಡು ಜೋರಾಗಿತ್ತು, ನಾನು ಬಂದದ್ದು ಕೇಳಿಸಿರಲಿಕ್ಕಿಲ್ಲ. ಬಾಗಿಲಿಗೆ ಎದುರಾಗಿ, ಪರದೆ ಮುಚ್ಚದೆ ಉಳಿದ ಕನ್ನಡಿಯಲ್ಲಿ ಅವಳು ಕಂಡಳು.

ನಿಂತಿದ್ದಳು. ಹಾಲ್‌ನ ನಟ್ಟನಡುವೆ, ವಾಕರ್ ಹಿಡಿದು, ಒಬ್ಬಳೇ. ಜಡೆ ಬಿಚ್ಚಿಕೊಂಡಿತ್ತು. ವಾಕರ್ ಮುಂದಿಟ್ಟು, ಆ ಕಾಲು ಊರಿ, ಈ ಕಾಲು ತಂದು ಸೇರಿಸಿ, ಮತ್ತೆ ವಾಕರ್. ಒಂದೊಂದು ಹೆಜ್ಜೆಗೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಮುಂದೆ ನಡೀರಿ, ಮುಂದೆ ಖಾಲಿ ಇದೆ. ಮುಂದೆ ನಡೀರಿ."

ಕೂಗಬೇಕು, ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ, ಯಾಕೆ ಎಂದು ಗೊತ್ತಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಅವಳು ಬಲಗಡೆಯ ಸ್ಪೀಕರ್ ತಲುಪಿ, ಅದರ ಹಿಂದೆ ಕೈ ಹಾಕಿ ಶಬ್ದ ಇಳಿಸಿದಳು. ಕಿವಿ ಹೋಗೋ ಹಾಗೆ ಇಟ್ಟು ಹೋಗ್ತಾರೆ ಎಂದು ನನ್ನನ್ನು ಬೈದಳು.

ಕನ್ನಡಕ ಇಲ್ಲದೆಯೇ ಹೊರಗೆ ಬಂದೆ. ಪಾರ್ಕಿನ ಬೆಂಚಿನ ಮೇಲೆ ಕೂತು ಅತ್ತೆ. ಎದುರು ಬೆಂಚಿನವರು ಎದ್ದುಹೋದರು. ಸಂತೋಷವೇ. ಆದರೆ ಸ್ವಲ್ಪ ಹೊತ್ತಿಗೆ ಸಿಟ್ಟೂ ಬಂತು. ಇಷ್ಟು ದಿನ ನನ್ನಿಂದ ಮುಚ್ಚಿಟ್ಟಳು. ನಾನು ಗೋಗರೆದರೂ ಏಳದವಳು ಒಂದು ಗುಂಡಿಗಾಗಿ ಎದ್ದಳು.

ಜೂನ್ 25, ಬುಧವಾರ

ವ್ಯಾಯಾಮದ ಮೇಡಂ ಹೊರಟಾಗ ಗೇಟಿನ ಹತ್ತಿರ ತಡೆದು, ನನಗೆ ಗೊತ್ತಾಯಿತು ಎಂದೆ. ಮೊದಲು ಅವಳ ಮುಖ ಬಿಳಿಚಿಕೊಂಡಿತು. ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ ಸರ್ ಎಂದಳು. ಮೊದಲ ದಿನ, ನಾನು ಮೇಲಿನ ಮನೆಯಲ್ಲಿದ್ದಾಗ, ಹಾಡು ಜೋರಾಗಿತ್ತಂತೆ, ಇಳಿಸು ಎಂದು ಮೇಡಂಗೆ ಹೇಳದೆ ನನ್ನ ಹೆಂಡತಿ ತಾನೇ ಕಾಲು ಕೆಳಗಿಟ್ಟಳಂತೆ. ಆಮೇಲೆ ಮೇಡಂ ಹಿಂದೆ ಹಿಂದೆ ನಡೆದು ಹೇಳಿಕೊಟ್ಟಳಂತೆ. ಒಬ್ಬರೇ ಏಳಬೇಡಿ ಎಂದರೆ ಕೇಳುವುದಿಲ್ಲವಂತೆ. ಅದನ್ನು ನನಗೆ ಬೇರೆ ಹೇಳಬೇಕೇ?

ನನ್ನ ಮುಂದೆ ಏಕೆ ನಡೆಯುವುದಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಚಿಕ್ಕ ಮಗುವಿನ ಹಾಗಿತ್ತು, ನಾಚಿಕೆಯಾಯಿತು.

"ಬಿದ್ರೆ ನೋವು ಹೇಗೋ ತಡ್ಕೋಬಹುದಂತೆ ಸರ್. ಬಿದ್ದಾಗ ನಿಮ್ಮ ಮುಖ ನೋಡಕ್ಕಾಗಲ್ಲ ಅಂತಾರೆ."

ಇಡೀ ದಿನ ಅದೇ ಮಾತು. ಊಟ ಸೇರಲಿಲ್ಲ. ಕನ್ನಡಿಯ ಪರದೆ ಸರಿಸಿ ನನ್ನ ಮುಖ ನೋಡಿಕೊಂಡೆ. ಏನ್ರೀ ಅಷ್ಟು ನೋಡ್ತಿದ್ದೀರಿ, ಹೆಣ್ಣು ನೋಡಕ್ಕೆ ಹೊರಟಿದ್ದೀರಾ ಎಂದಳು ಮಂಚದಿಂದ.

ಜೂನ್ 26, ಗುರುವಾರ

ಹೊರಗೆ ಹೋಗುವ ಮೊದಲು ಶಬ್ದ ಸ್ವಲ್ಪ ಹೆಚ್ಚೇ ಮಾಡಿ ಹೋದೆ. ಗೇಟಿನಾಚೆ ನಿಂತಿದ್ದೆ. ಹಾಡು ಮೆಲ್ಲಗಾಗುವವರೆಗೆ ಅಲ್ಲಿಂದ ಕದಲಲಿಲ್ಲ.

ಜೂನ್ 28, ಶನಿವಾರ

ಅಂಗಡಿಗೆ ಹೋದೆ. ರಿಮೋಟ್ ಇರುವ ಜೋಡಿ ಬಂದಿತ್ತು. ಕಿಂಚಿತ್ತೂ ದೋಷವಿಲ್ಲ. ಅಂಗಡಿಯವನು ನನ್ನನ್ನು ಅಂಗಡಿಯ ಆ ತುದಿಗೆ ಕಳಿಸಿ, ಕೂತಲ್ಲಿಂದಲೇ ಏರಿಸಿ ಇಳಿಸಿ ತೋರಿಸಿದ. ಹಾಸಿಗೆ ಹಿಡಿದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಸರ್ ಎಂದ. ಅವನ ಮಾತು ತೂಕಕ್ಕೆ ಸರಿಯಾಗಿತ್ತು.

ಬೇಡ, ಮನೆಯಲ್ಲಿರುವುದನ್ನೇ ಇಟ್ಟುಕೊಳ್ಳುತ್ತೇನೆ ಎಂದೆ. ಅದರಲ್ಲಿ ದೋಷ ಇದೆ ಎಂದು ನೀವೇ ತಾನೇ ಜಗಳಕ್ಕೆ ಬಂದದ್ದು ಎಂದ. ದೋಷ ಹಾಗೇ ಇರಲಿ ಎಂದೆ. ಪಾಪ, ನನ್ನ ತಲೆಯ ಬಗ್ಗೆ ಅವನಿಗೆ ಅನುಮಾನ ಬಂದಿರಬೇಕು. ನಿಧಾನವಾಗಿ, ಸಮಾಧಾನದ ದನಿಯಲ್ಲಿ ಮಾತಾಡಿ ಕಳಿಸಿದ.

ಮನೆಗೆ ಬಂದಾಗ ಇವಳು ಚಾವಣಿ ನೋಡುತ್ತಾ, ರಿಮೋಟಿನದು ತಂದಿರಾ ಎಂದು ವಿಚಾರಿಸಿದಳು. ಇಲ್ಲ ಎಂದೆ. ಇದನ್ನು ರಿಪೇರಿ ಮಾಡುತ್ತಾರಂತೆಯೇ ಎಂದಳು. ಇದು ರಿಪೇರಿಗೆ ಬಗ್ಗುವ ದೋಷವಲ್ಲವಂತೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಹಣ್ಣಿನ ಚೀಲದಲ್ಲಿ ಏನೋ ಹುಡುಕಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಭುಜ ಅಲ್ಲಾಡುತ್ತಿತ್ತು, ನಗುತ್ತಿದ್ದಳೋ ಏನೋ.

ಜುಲೈ 1, ಮಂಗಳವಾರ

ನಾಡಿದ್ದು ತಪಾಸಣೆ. ಡಾಕ್ಟರು, ನರ್ಸು, ನಾನು, ಎಲ್ಲರೂ ನಿಂತು ನೋಡುತ್ತೇವೆ. ಖಾಲಿ ಹಾಲ್‌ನಲ್ಲಿ ನಡೆದವಳು ಅಲ್ಲಿ ನನ್ನ ಮುಖ ನೋಡಿ ಕುಸಿದರೆ? ನಾನು ಆಸ್ಪತ್ರೆಗೆ ಬರುವುದಿಲ್ಲ, ಮೇಡಂ ಕರೆದುಕೊಂಡು ಹೋಗಲಿ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಹೇಳಲಾಗಲಿಲ್ಲ. ನಾನಿಲ್ಲದೆ ಅವಳು ನಡೆಯುತ್ತಾಳೆ ಎಂಬುದು ನಿಜ. ನಾನಿಲ್ಲದೆ ಉಳಿದ ವರ್ಷಗಳನ್ನೆಲ್ಲ ನಡೆಯಲಿ ಎಂದು ಹೊರಗೇ ನಿಂತಿರಲು ನನಗೆ ಇಷ್ಟವಿಲ್ಲ.

ಜುಲೈ 2, ಬುಧವಾರ

ಇವತ್ತು ಹೊರಗೆ ಹೋಗಲಿಲ್ಲ. ಬೆಳ್ಳುಳ್ಳಿ ಬೇಕು ಎಂದಳು. ಇದೆ ಎಂದೆ. ದಾರ ಬೇಕು ಎಂದಳು. ನಾಳೆ ನೋಡೋಣ ಎಂದೆ. ಹಾಡು ಹಾಕಿ, ಶಬ್ದವನ್ನು ಸಹಿಸಲಾಗದಷ್ಟು ಏರಿಸಿ, ಹಾಲ್‌ನ ನಡುವೆ ಕುರ್ಚಿ ಹಾಕಿಕೊಂಡು ಸ್ಪೀಕರ್ ಕಡೆ ಮುಖ ಮಾಡಿ ಕೂತೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕಣ್ಣು ಮುಚ್ಚಿದೆ.

ಶಬ್ದ ಕಮ್ಮಿ ಮಾಡ್ರೀ ಎಂದಳು. ನಾನು ತಲೆ ವಾಲಿಸಿದೆ. ಮತ್ತೊಮ್ಮೆ ಹೇಳಿದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ನಿದ್ದೆಯ ನಟನೆ ಎಂದು ಅವಳಿಗೆ ಗೊತ್ತು. ಕೂತಲ್ಲೇ ನಿದ್ದೆ ಮಾಡುವವನೇ ನಾನು?

ಹಾಡಿನ ನಡುವೆ ಮಂಚ ಕಿರುಗುಟ್ಟಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ವಾಕರಿನ ರಬ್ಬರ್ ಕಾಲುಗಳು ನೆಲಕ್ಕೆ ತಾಗಿದ ಸದ್ದು, ಹಿಂದೆಯೇ ಪಾದ ಎಳೆದ ಸದ್ದು. ಹತ್ತಿರ ಬಂತು. ನನ್ನ ಪಕ್ಕದಲ್ಲಿ ನಿಂತಿತು. ಅವಳ ಏದುಸಿರು ಕೇಳಿಸಿತು, ಮುಲಾಮಿನ ವಾಸನೆ ಬಂತು. ಕೈ ಚಾಚಿದರೆ ಸಿಗುತ್ತಿದ್ದಳು. ವಾಕರ್ ಒಮ್ಮೆ ಕಟಕಟ ಅಂದಿತು. ತೊಡೆಯ ಕೆಳಗೆ ನನ್ನ ಕೈ ನಡುಗುತ್ತಿತ್ತು. ಹೌದು, ನಡುಗುತ್ತಿತ್ತು. ಅಲ್ಲೇ ಇಟ್ಟುಕೊಂಡೆ.

ಸದ್ದು ನನ್ನನ್ನು ದಾಟಿ ಮುಂದೆ ಹೋಯಿತು. ಹಾಡು ಮೆಲ್ಲಗಾಯಿತು.

"ಸಾಹೇಬ್ರೇ," ಎಂದಳು ಆ ತುದಿಯಿಂದ. "ಕಣ್ಣು ಬಿಡ್ಬೇಡಿ. ಇನ್ನೂ ವಾಪಸ್ ಬರೋದಿದೆ."

ಬಿಡಲಿಲ್ಲ.